ಸಾಹೇಬ್ರು ಇರೋ ಗ್ರೂಪಿನ್ಯಾಗ ‘ಗೊತ್ತಿಲ್ಲ’ ಅನ್ನೋರು ಯಾರು?

ಮೊನ್ನೆ ಸಂಜೆ ಬೀದರ್ ಬಸ್ ಸ್ಟ್ಯಾಂಡಿನಿಂದ ಮನ್ನಳ್ಳಿ ಬಸ್ಸಿನಲ್ಲಿ ಬಂದವರಿಗೆ ಈ ಪ್ರಸಂಗ ನೆನಪಿದ್ದೀತು. ಬಸ್ಸು ತುಂಬಿತ್ತು. ಗಂಜಿನಲ್ಲಿ ಮಾಲು ಮಾರಿ ಖಾಲಿ ಚೀಲ ಮಡಚಿಕೊಂಡು ಬಂದವರು, ಕಾಲೇಜು ಹುಡುಗರು, ಕೋರ್ಟಿನ ತಾರೀಖು ಮುಗಿಸಿಕೊಂಡು ಹೊರಟವರು, ಎಲ್ಲರೂ ಒಬ್ಬರ ಮೇಲೊಬ್ಬರು. ನಡುವೆ ಕಂಕುಳಲ್ಲಿ ಕೂಸು ಎತ್ತಿಕೊಂಡ ಒಬ್ಬ ಹೆಣ್ಣುಮಗಳು. ಕಂಡಕ್ಟರ್ ಹುಡುಗ ಆಧಾರ್ ಕೇಳಿದ. ಆಕೆ ತೋರಿಸಿದಳು. ಕಾರ್ಡಿನ ಮೇಲಿದ್ದ ವಿಳಾಸ ಉದಗೀರ್, ಜಿಲ್ಲಾ ಲಾತೂರ್, ಮಹಾರಾಷ್ಟ್ರ.

“ಅಕ್ಕಾ, ಇದಕ್ಕ ಫ್ರೀ ಬರಲ್ಲ. ಟಿಕೆಟ್ ತಗೋಬೇಕಾಗ್ತದ.”

“ಯಾಕೋ ತಮ್ಮಾ? ನಾ ಹುಟ್ಟಿದ್ದು ಮನ್ನಳ್ಳಿಯಾಗ, ಸಾಲಿ ಕಲ್ತಿದ್ದು ಮನ್ನಳ್ಳಿಯಾಗ. ಲಗ್ನ ಮಾಡಿ ಉದಗೀರಿಗಿ ಕೊಟ್ರ ನಾ ಕರ್ನಾಟಕದಾಕಿ ಅಲ್ಲೇನು?”

ಅರ್ಧ ಬಸ್ಸು ಆಕೆಯ ಕಡೆ ಆಯಿತು. “ಖರೆ ಅದ ನೋಡ್ರಿ” ಅಂದರು ಹಿಂದಿನ ಸೀಟಿನವರು. ಮುಂದೆ ಕೂತ ಒಬ್ಬ ಹಿರಿಯರು ಮಾತ್ರ “ಕಾಯ್ದೆ ಅಂದ್ರ ಕಾಯ್ದೆ” ಎಂದು ಕಂಡಕ್ಟರನ ಪಕ್ಷ ಹಿಡಿದರು. ಹುಡುಗ ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಕ್ಕಿಲ್ಲ. ಮುಖ ಸಪ್ಪಗಾಯಿತು. ಕಿಸೆಯಿಂದ ಮೊಬೈಲ್ ತೆಗೆದು ವಾಟ್ಸಾಪ್ ಗ್ರೂಪ್ ಬಿಚ್ಚಿ ಬೆರಳಿನಿಂದ ಎಳೆಯತೊಡಗಿದ. ನಾನು ಪಕ್ಕದಲ್ಲೇ ಕಂಬಿ ಹಿಡಿದು ನಿಂತವ, ಕಣ್ಣು ಹೋಯಿತು. ಗುಲಾಬಿ ಹೂವಿನ ಶುಭೋದಯ. ಯಾರದೋ ಹುಟ್ಟುಹಬ್ಬದ ಕೇಕು. ಓದಲು ಬಾರದಂತೆ ಮಸುಕಾಗಿ ಫೋಟೋ ಹೊಡೆದ ಒಂದು ಆದೇಶ. ಅದರ ಕೆಳಗೆ ಸಾಲಾಗಿ ಹೆಬ್ಬೆರಳು, ಕೈ ಮುಗಿದ ಗೊಂಬೆ, ‘ಓಕೆ ಸರ್’, ‘ನೋಟೆಡ್ ಸರ್’. ಬೇಕಾದದ್ದು ಮಾತ್ರ ಇಲ್ಲ.

ಹುಡುಗ ಗ್ರೂಪ್ ಮುಚ್ಚಿ ಯಾರಿಗೋ ಫೋನ್ ಹಚ್ಚಿದ. “ಕಾಕಾ, ಉದಗೀರ್ ಆಧಾರ್ ಅದ, ತವರುಮನಿ ಇಲ್ಲೇ ಅಂತಾರ. ಏನ್ ಮಾಡ್ಲಿ?” ಅರ್ಧ ನಿಮಿಷದಲ್ಲಿ ಉತ್ತರ ಬಂತು. ಬಸ್ಸಿನ ಗದ್ದಲಕ್ಕೆ ಹುಡುಗ ಸ್ಪೀಕರ್ ಹಾಕಿದ್ದರಿಂದ ನಮಗೂ ಕೇಳಿಸಿತು. “ತವರುಮನಿ ಲೆಕ್ಕ ಇಲ್ಲಪಾ. ಕಾರ್ಡಿನ ಮ್ಯಾಲ ಯಾವ ರಾಜ್ಯದ ವಿಳಾಸ ಅದ ಅಷ್ಟೇ ನೋಡ್ಬೇಕು. ಟಿಕೆಟ್ ಕೊಡು. ಆದ್ರ ಆಕಿಗಿ ಕಾಯ್ದೆ ಹೇಳಾಕ ಹೋಗಬ್ಯಾಡ. ‘ಅಕ್ಕಾ, ಚೆಕಿಂಗ್ ಬಂದ್ರ ನನ್ನ ಪಗಾರದಾಗ ಮುರೀತಾರ’ ಅಂತ ಹೇಳು, ತಗೋತಾಳ.”

ಹುಡುಗ ಹಾಗೇ ಹೇಳಿದ. ಆಕೆ ನಕ್ಕು, “ಅಷ್ಟು ಮೊದಲೇ ಹೇಳಬೇಕಿಲ್ಲೇನು” ಎಂದು ರೊಕ್ಕ ತೆಗೆದಳು.

* * *

ಈ ಅಂಕಣದಲ್ಲಿ ಗಟಾರ, ಬೀದಿದೀಪ, ಕುಡಿಯುವ ನೀರು ಬಿಟ್ಟು ಮೊಬೈಲ್ ಗ್ರೂಪಿನ ಮಾತು ಯಾಕೆ ಬಂತು ಎಂದು ಓದುಗರು ಕೇಳಬಹುದು. ಕಂಡಕ್ಟರನಿಗೆ ಉತ್ತರ ಸಿಗದಿದ್ದರೆ ಬಸ್ಸಿನಲ್ಲಿ ನಿಂತು ಕಾಯುವವರು ನಾವು. ಪಂಚಾಯ್ತಿ ಆಪರೇಟರನಿಗೆ ಯಾವ ಗುಂಡಿ ಒತ್ತಬೇಕು ತಿಳಿಯದಿದ್ದರೆ “ಸರ್ವರ್ ಡೌನ್ ಅದ, ನಾಳಿ ಬರ್ರಿ” ಕೇಳಿಸಿಕೊಂಡು ಒಂದು ದಿನದ ಕೂಲಿ ಕಳೆದುಕೊಂಡು ವಾಪಸ್ ಬರುವವರೂ ನಾವೇ. ಕೆಲಸದವನು ಕೆಲಸ ಕಲಿಯುವುದು ಅವನೊಬ್ಬನ ವ್ಯವಹಾರವಲ್ಲ.

ಈಗ ಗ್ರೂಪ್ ಇಲ್ಲದ ಕೆಲಸವೇ ಇಲ್ಲ. ಮಾಸ್ತರರಿಗೆ ಗ್ರೂಪು, ಅಂಗನವಾಡಿ ಅಕ್ಕನಿಗೆ ಗ್ರೂಪು, ಲೈನ್‌ಮನ್, ಪೋಸ್ಟ್‌ಮನ್, ಆಶಾ ಕಾರ್ಯಕರ್ತೆ, ಗಂಜಿನ ಅಡತಿ ಅಂಗಡಿಯ ಗುಮಾಸ್ತ, ಎಲ್ಲರಿಗೂ ಒಂದಲ್ಲ, ನಾಲ್ಕೈದು. ಹೊಸ ಕೆಲಸ ಬಂದರೆ ತರಬೇತಿ ಎಲ್ಲಿ ಎಂದು ಕೇಳಿದರೆ “ಗ್ರೂಪಿನ್ಯಾಗ ಹಾಕೀವಿ, ನೋಡ್ಕೋರಿ” ಎಂಬ ಉತ್ತರ. ವೀಡಿಯೋ ಹಾಕಿದರೆ ಕಲಿಸಿದಂತೆ, ಹೆಬ್ಬೆರಳು ಒತ್ತಿದರೆ ಕಲಿತಂತೆ!

ಹತ್ತಾರು ಕಡೆ ಕೇಳಿ ನೋಡಿದ ಮೇಲೆ ನನಗೆ ತಿಳಿದದ್ದಿಷ್ಟು. ಒಂದು ಗ್ರೂಪಿನಲ್ಲಿ ಸಾಹೇಬ್ರು ಇರುತ್ತಾರೆ. ಅಲ್ಲಿ ಯಾರೂ ಪ್ರಶ್ನೆ ಕೇಳುವುದಿಲ್ಲ. “ಕೇಳಿದ್ರ ಇವಂಗ ಇಷ್ಟೂ ಗೊತ್ತಿಲ್ಲೇನು ಅಂತಾರ್ರಿ” ಎಂದ ಒಬ್ಬ ಲೈನ್‌ಮನ್. ಇನ್ನೊಂದು ಗ್ರೂಪು ಸಾಹೇಬ್ರು ಇಲ್ಲದ್ದು, ನಾಲ್ಕಾರು ಮಂದಿಯದು. ಬೈಗುಳ, ಚಾಷ್ಟಿ, ಎಲ್ಲ ಅಲ್ಲಿ. ಕಲಿಯುವುದೂ ಅಲ್ಲಿಯೇ. “ಭಾಯಿ, ಈ ಮೀಟರಿನಾಗ ಹಿಂಗ ತೋರಿಸ್ಲಾಕತ್ತದ, ಏನಿದು?” ಎಂದು ಫೋಟೋ ಹಾಕಿದರೆ ಔರಾದಿನಿಂದಲೋ ಭಾಲ್ಕಿಯಿಂದಲೋ ಯಾರೋ ಒಬ್ಬ ಉಣ್ಣುತ್ತಿದ್ದರೂ ಎಡಗೈಯಲ್ಲಿ ಉತ್ತರ ಒತ್ತುತ್ತಾನೆ. ಇಲಾಖೆಯ ಲೆಕ್ಕದಲ್ಲಿ ಮೊದಲನೆಯದೇ ಕಲಿಕೆ. ಎರಡನೆಯದು ಟೈಂಪಾಸ್.

ನನ್ನದೇ ಒಂದು ಹಳೇ ಗಾಯ ಹೇಳುತ್ತೇನೆ. ನಾನು ಪಿಯುಸಿ ಅರ್ಧಕ್ಕೆ ಬಿಟ್ಟವ. ಮೊದಲು ಕೆಲಸ ಮಾಡಿದ ಪತ್ರಿಕೆಯಲ್ಲಿ (ಈ ಪತ್ರಿಕೆಯಲ್ಲ, ಹೆಸರು ಬೇಡ) ವರದಿಗಾರರ ಗ್ರೂಪ್ ಇತ್ತು. ಸಂಪಾದಕರು ಇದ್ದರು, ಎಂ.ಎ. ಮಾಡಿದ ಹಿರಿಯರಿದ್ದರು. ಒಂದು ರಾತ್ರಿ ಕಳವಿನ ಸುದ್ದಿ ಬರೆಯುತ್ತಿದ್ದೆ. ಪೊಲೀಸರು ಒಬ್ಬನನ್ನು ಹಿಡಿದಿದ್ದರು. ‘ಆರೋಪಿ’ ಬರೆಯಬೇಕೋ ‘ಅಪರಾಧಿ’ ಬರೆಯಬೇಕೋ ಎಂದು ತಡವರಿಸಿದೆ. ಎರಡಕ್ಕೂ ಏನೋ ಫರಕು ಇರಬೇಕು ಎಂಬಷ್ಟು ಅನುಮಾನವಿತ್ತು, ಏನು ಫರಕು ಎಂಬುದು ಗೊತ್ತಿರಲಿಲ್ಲ. ಗ್ರೂಪಿನಲ್ಲಿ ಪ್ರಶ್ನೆ ಒತ್ತಿದೆ. ಕಳಿಸುವ ಮುಂಚೆ ಅಳಿಸಿದೆ. ಪಿಯುಸಿ ಫೇಲಾದವ ಅಂತ ನಗುತ್ತಾರೆ ಎಂಬ ಅಂಜಿಕೆ. ‘ಅಪರಾಧಿ’ ಅಂತಲೇ ಬರೆದೆ, ಹಾಗೇ ಅಚ್ಚಾಯಿತು.

ಆರೋಪಿ ಎಂದರೆ ದೂರು ಇರುವವನು. ಅಪರಾಧಿ ಎಂದರೆ ಕೋರ್ಟು ತಪ್ಪಿತಸ್ಥ ಎಂದು ತೀರ್ಪು ಕೊಟ್ಟವನು. ನಾಲ್ಕನೇ ದಿನಕ್ಕೆ ವಕೀಲರ ನೋಟಿಸು ಬಂತು. ಆ ಮನುಷ್ಯನದು ಹಳ್ಳಿಯಲ್ಲಿ ಒಂದು ಸಣ್ಣ ಕಿರಾಣಿ ಅಂಗಡಿ. ಪೇಪರ್ ನೋಡಿದ ಮೇಲೆ ಗಿರಾಕಿಗಳು ಬರುವುದು ಬಿಟ್ಟರು. ಮುಂದೆ ಅವನು ಖುಲಾಸೆಯಾದ. ಅಷ್ಟರಲ್ಲಿ ಅಂಗಡಿಯ ಬಾಗಿಲು ಮುಚ್ಚಿತ್ತು. ನಮ್ಮ ತಿದ್ದುಪಡಿ ಒಳಪುಟದಲ್ಲಿ ನಾಲ್ಕು ಸಾಲು ಬಂತು. ನನ್ನಿಂದ ಎರಡು ಕುರ್ಚಿ ಆಚೆ ಕೂತಿದ್ದ ಡಿಟಿಪಿ ಮಾಡುವ ಹುಡುಗಿಗೆ ಆ ಫರಕು ಗೊತ್ತಿತ್ತು. “ಕೇಳಿದ್ರ ಹೇಳ್ತಿದ್ದೆ ಅಲಾ ಅಣ್ಣಾ” ಅಂದಳು. ಅವಳನ್ನು ಆ ಗ್ರೂಪಿಗೆ ಸೇರಿಸಿಯೇ ಇರಲಿಲ್ಲ.

* * *

ಇದು ನಮ್ಮೂರಿನ ರೋಗ ಮಾತ್ರವಲ್ಲ. ಕೋರ್ಟು, ತಹಸೀಲ್ ಕಚೇರಿಗಳ ಎದುರಿಗೆ ಸಾಲಾಗಿ ‘ಝೆರಾಕ್ಸ್’ ಅಂಗಡಿಗಳಿವೆಯಲ್ಲ, ಆ ಝೆರಾಕ್ಸ್ ಎಂಬುದು ಯಂತ್ರದ ಹೆಸರಲ್ಲ, ಅದನ್ನು ಮಾಡಿದ ಅಮೆರಿಕದ ಕಂಪನಿಯ ಹೆಸರು. ಕೆಟ್ಟ ಯಂತ್ರ ರಿಪೇರಿ ಮಾಡಲು ಕಂಪನಿ ತನ್ನ ಮೆಕ್ಯಾನಿಕ್‌ಗಳಿಗೆ ದಪ್ಪ ದಪ್ಪ ಪುಸ್ತಕ ಕೊಟ್ಟಿತ್ತು. ಹೀಗಾದರೆ ಹಾಗೆ ಮಾಡು, ಹಾಗಾದರೆ ಹೀಗೆ ಮಾಡು. 1980ರ ದಶಕದಲ್ಲಿ ಜೂಲಿಯನ್ ಓರ್ ಎಂಬ ಸಂಶೋಧಕ ಈ ಮೆಕ್ಯಾನಿಕ್‌ಗಳ ಬೆನ್ನುಹತ್ತಿ ತಿರುಗಿದ. ಅವನು ಕಂಡದ್ದೇನು? ಪುಸ್ತಕದಲ್ಲಿ ಇಲ್ಲದ ಹಾಗೆಯೇ ಯಂತ್ರ ಕೆಡುತ್ತದೆ. ಆಗ ಇವರನ್ನು ಕಾಪಾಡುವುದು ಉಣ್ಣುವಾಗ, ಕಾಫಿ ಕುಡಿಯುವಾಗ ಒಬ್ಬರಿಗೊಬ್ಬರು ಹೇಳುವ ಕಥೆಗಳು. ‘ಆ ಆಫೀಸಿನ ಮೆಷಿನ್ನು ಹಿಂಗ ಆಡ್ತಿತ್ತು, ಎಲ್ಲ ಬಿಚ್ಚಿ ನೋಡ್ದೆ, ಕಡೀಗಿ ನೋಡಿದ್ರ ಈ ವೈರು’ ಎಂಬಂಥ ಕಥೆ. ನಮ್ಮ ಗ್ಯಾರೇಜಿನವರ ಚಹಾದ ಹೊತ್ತಿನ ಮಾತು ಕೇಳಿದವರಿಗೆ ಇದರಲ್ಲಿ ಹೊಸತೇನೂ ಕಾಣದು. ಹರಟೆ ಎಂದು ಮೇಲಿನವರು ಮೂಗು ಮುರಿಯುವುದು ನಿಜವಾದ ಕಲಿಕೆ ಎಂಬುದನ್ನು ಓರ್ ಬರೆದು ತೋರಿಸಿದ. ಅವನ ಪುಸ್ತಕ ಬಂದದ್ದು 1996ರಲ್ಲಿ.

ಆಮೇಲೆ ಕಂಪನಿಗೆ ಬುದ್ಧಿ ಬಂತು. 1990ರ ದಶಕದಲ್ಲಿ ‘ಯುರೇಕಾ’ ಎಂಬ ಏರ್ಪಾಟು ಮಾಡಿದರು. ಆರಂಭ ಫ್ರಾನ್ಸ್ ದೇಶದ ಮೆಕ್ಯಾನಿಕ್‌ಗಳಲ್ಲಿ. ಒಬ್ಬ ತಾನು ಕಂಡುಕೊಂಡ ಉಪಾಯವನ್ನು ಕಂಪ್ಯೂಟರಿನಲ್ಲಿ ಬರೆಯುವುದು, ಬೇರೆ ಮೆಕ್ಯಾನಿಕ್‌ಗಳು ಅದನ್ನು ಪರೀಕ್ಷಿಸಿ ಸರಿ ಎನ್ನುವುದು, ನಂತರ ಬರೆದವನ ಹೆಸರಿನೊಂದಿಗೆ ಎಲ್ಲರಿಗೂ ಸಿಗುವುದು. ಒಂದೊಂದು ಉಪಾಯಕ್ಕೆ ದುಡ್ಡು ಕೊಡೋಣ ಎಂಬ ಮಾತೂ ಎದ್ದಿತ್ತು. ಹೆಸರು ಹಾಕಿದರೆ ಸಾಕು ಎಂದಿತು ಕೆಲಸದವರ ಕಡೆ. ಈ ಹೆಸರಿನ ಮಾತನ್ನು ನಮ್ಮ ಅಧಿಕಾರಿಗಳು ಎರಡು ಸಲ ಓದಬೇಕು. ಕೆಳಗಿನವನು ಹೇಳಿದ ಉಪಾಯವನ್ನು ಮೇಲಿನವನು ತನ್ನ ಹೆಸರಿನಲ್ಲಿ ಮೀಟಿಂಗಿನಲ್ಲಿ ಹೇಳುವ ಪದ್ಧತಿ ಇರುವ ಕಡೆ ಯಾರು ಬಾಯಿ ಬಿಟ್ಟಾರು?

ಬಸ್ಸಿನವರಿಗೆ ಖುಷಿಯಾಗುವ ಇನ್ನೊಂದು ಸಂಗತಿ. 1995ರಲ್ಲಿ ವಾರ್ಡ್ ಕನಿಂಗ್‌ಹ್ಯಾಮ್ ಎಂಬ ಕಂಪ್ಯೂಟರ್ ಕೆಲಸದವ, ತನ್ನಂಥ ಕೆಲಸದವರು ಅನುಭವ ಬರೆದಿಡಲು ಒಂದು ತಾಣ ಮಾಡಿದ. ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು. ಅದಕ್ಕೆ ‘ವಿಕಿ’ ಎಂದು ಹೆಸರಿಟ್ಟ. ಎಲ್ಲಿಂದ ಬಂತು ಈ ಹೆಸರು? ಹೊನೊಲುಲು ವಿಮಾನ ನಿಲ್ದಾಣದಲ್ಲಿ ಓಡುವ ‘ವಿಕಿ ವಿಕಿ’ ಬಸ್ಸಿನಿಂದ! ಹವಾಯಿ ಭಾಷೆಯಲ್ಲಿ ವಿಕಿ ಎಂದರೆ ಲಗೂನ, ಬೇಗ. 2001ರಲ್ಲಿ ಬಂದ ವಿಕಿಪೀಡಿಯಾ, 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯಾ, ಎಲ್ಲ ಆ ಬಸ್ಸಿನ ಹೆಸರು ಹೊತ್ತವೇ. ಕೆಲಸದವರು ಒಬ್ಬರಿಂದೊಬ್ಬರು ಕಲಿಯಲಿ ಎಂದು ಹುಟ್ಟಿದ್ದು ಲೋಕಕ್ಕೆಲ್ಲ ವಿಶ್ವಕೋಶವಾಯಿತು.

ಅಮೆರಿಕದ ಮಾತು ಸಾಕು. ನಮ್ಮ ರಾಜ್ಯದಲ್ಲೇ ಇದನ್ನು ಮಾಡಿ ತೋರಿಸಿದವರಿದ್ದಾರೆ. ಅವರು ಸರ್ಕಾರಿ ಹೈಸ್ಕೂಲ್ ಮಾಸ್ತರರು, ಮೇಡಂಗಳು.

ಹಳ್ಳಿಯ ಹೈಸ್ಕೂಲಿನಲ್ಲಿ ಗಣಿತಕ್ಕೆ ಸಾಮಾನ್ಯವಾಗಿ ಒಬ್ಬರೇ ಮಾಸ್ತರರು. ಔರಾದ್ ತಾಲೂಕಿನ ಯಾವುದೋ ಒಂದು ಶಾಲೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಒಂದು ಪ್ರಮೇಯ ಮಕ್ಕಳಿಗೆ ಹೇಗೆ ಹೇಳಿದರೆ ತಲೆಗೆ ಹತ್ತುತ್ತದೆ ಎಂದು ಆ ಮಾಸ್ತರರಿಗೆ ಸಂಶಯ ಬಂದರೆ ಸ್ಟಾಫ್ ರೂಮಿನಲ್ಲಿ ಯಾರನ್ನು ಕೇಳಬೇಕು? ಪಕ್ಕದಲ್ಲಿ ಕೂತವರು ಹಿಂದಿ ಮಾಸ್ತರರು, ಡ್ರಿಲ್ ಮಾಸ್ತರರು. ವರ್ಷಕ್ಕೊಮ್ಮೆ ತರಬೇತಿಗೆ ಕರೆದು ಮೂರು ದಿನ ಭಾಷಣ ಮಾಡಿ ಕಳಿಸಿದರೆ ಮುಗಿಯಿತು, ಮತ್ತೆ ಒಂಟಿ.

2011ರಲ್ಲಿ ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ, ಮಾಧ್ಯಮಿಕ ಶಿಕ್ಷಣ ಅಭಿಯಾನ, ಬೆಂಗಳೂರಿನ ‘ಐಟಿ ಫಾರ್ ಚೇಂಜ್’ ಸಂಸ್ಥೆ ಕೂಡಿ ‘ವಿಷಯ ಶಿಕ್ಷಕರ ವೇದಿಕೆ’ ಆರಂಭಿಸಿದವು. ಗಣಿತ, ವಿಜ್ಞಾನ, ಸಮಾಜ ವಿಜ್ಞಾನದಿಂದ ಶುರು. ಮಾಸ್ತರರನ್ನು ಕಂಪ್ಯೂಟರ್ ಮುಂದೆ ಕೂರಿಸಿ ಇ-ಮೇಲ್ ತೆರೆಸಿದರು. ದುಡ್ಡು ಕೊಡದೆ ಸಿಗುವ ಉಬುಂಟು, ರೇಖಾಗಣಿತಕ್ಕೆ ಜಿಯೋಜಿಬ್ರಾ, ಇಂಥವನ್ನು ಕಲಿಸಿದರು. ನಂತರ ಆಯಾ ವಿಷಯದವರನ್ನೆಲ್ಲ ಒಂದೊಂದು ಇ-ಮೇಲ್ ಗುಂಪಿಗೆ ಸೇರಿಸಿದರು. ಈ ಮೂಲೆಯ ಮಾಸ್ತರರು ಒಂದು ಪ್ರಶ್ನೆ ಕಳಿಸಿದರೆ ಚಾಮರಾಜನಗರದ ಮೇಡಂಗೂ ತಲುಪುತ್ತದೆ, ಕಾರವಾರದವರಿಗೂ ತಲುಪುತ್ತದೆ. ಸಾವಿರಾರು ಮಂದಿ ಒಂದೇ ಸ್ಟಾಫ್ ರೂಮಿನಲ್ಲಿ ಕೂತಂತೆ.

ಎಲ್ಲ ಚೆಂದವೇ ಇತ್ತು ಎಂದು ಹೇಳಲಾರೆ. ಸರ್ಕಾರಿ ನೌಕರರು ಸೇರಿದ ಕಡೆ ವರ್ಗಾವಣೆ, ಭತ್ಯೆ, ರಜೆಯ ಮಾತು ಬಾರದೆ ಇರುತ್ತದೆಯೇ? ಆದರೆ ಅಲ್ಲಿಗೇ ನಿಲ್ಲಿಸಲಿಲ್ಲ ಎಂಬುದು ದೊಡ್ಡದು. ಮಾತು ಮಾತಾಗಿಯೇ ಹೋದರೆ ಹೋಯಿತು, ಕೂಡಿಡಬೇಕು ಎಂದು 2013ರಲ್ಲಿ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಎಂಬ ತಾಣ ಕಟ್ಟಿದರು. ವಿಕಿಪೀಡಿಯಾ ಓಡುವ ಅದೇ ತಂತ್ರಾಂಶ. ಕನ್ನಡದಲ್ಲೂ ಇದೆ, ಇಂಗ್ಲಿಷಿನಲ್ಲೂ ಇದೆ. ಪಾಠ, ಚಟುವಟಿಕೆ, ಚಿತ್ರ, ಪ್ರಶ್ನೆ, ಬರೆದವರು ಮಾಸ್ತರರೇ. ಯಾರೂ ತೆಗೆದುಕೊಳ್ಳಬಹುದು, ತಮ್ಮ ಶಾಲೆಗೆ ತಕ್ಕಂತೆ ತಿದ್ದಿಕೊಳ್ಳಬಹುದು, ಅಪ್ಪಣೆ ಬೇಕಿಲ್ಲ. ಇಂಥದ್ದೇ ಒಂದು ನೆರೆಯ ತೆಲಂಗಾಣದಲ್ಲೂ ಆಯಿತು.

ಯಾರೂ ಜಾತ್ರೆ ಮಾಡದೆ ನಡೆದ ಕೆಲಸ ಇದು. ವಾಟ್ಸಾಪ್ ಬಂದ ಮೇಲೆ ಮಾಸ್ತರರ ಮಾತುಕತೆ ಬಹುಪಾಲು ಅದರೊಳಗೆ ಇಳಿಯಿತು. ಸುಲಭ, ಕೈಯಲ್ಲೇ ಇದೆ. ಆದರೆ ಎರಡಕ್ಕೂ ಫರಕು ಇದೆ. ವಾಟ್ಸಾಪಿನಲ್ಲಿ ಇವತ್ತು ಬಂದ ಒಳ್ಳೆಯ ಉತ್ತರ ನಾಳೆ ಬೆಳಿಗ್ಗೆ ಗುಲಾಬಿ ಹೂವಿನ ಕೆಳಗೆ ಹೂತು ಹೋಗುತ್ತದೆ. ಆರು ತಿಂಗಳ ಮೇಲೆ ಹೊಸಬ ಬಂದು ಅದೇ ಪ್ರಶ್ನೆ ಕೇಳುತ್ತಾನೆ. “ಎಷ್ಟು ಸಲ ಹೇಳೋದು?” ಎಂದು ಹಳಬನಿಗೆ ಸಿಟ್ಟು. ನೌಬಾದಿನಲ್ಲಿ ಬಹಮನಿ ಕಾಲದ ಕರೇಜ್ ಇದೆಯಲ್ಲ, ನೆಲದೊಳಗಿನ ಕಾಲುವೆ. ಎಷ್ಟೋ ಕಾಲ ಹೂಳು ತುಂಬಿ, ಕೆಳಗೆ ನೀರಿನ ದಾರಿ ಇದೆ ಎಂಬುದೇ ಎಷ್ಟೋ ಮಂದಿಗೆ ಮರೆತಿತ್ತು. ನಮ್ಮ ಗ್ರೂಪುಗಳಲ್ಲಿ ಹೂಳು ತುಂಬಲು ಒಂದು ರಾತ್ರಿ ಸಾಕು.

* * *

ಇನ್ನೊಂದು ಫರಕು ಇದಕ್ಕಿಂತ ಗಂಭೀರ. ವಿಕಿಯಲ್ಲಿ ತಪ್ಪು ಬರೆದರೆ ಇನ್ನೊಬ್ಬ ಬಂದು ಅಲ್ಲೇ ತಿದ್ದುತ್ತಾನೆ, ಮುಂದೆ ಓದುವವನಿಗೆ ತಿದ್ದಿದ್ದೇ ಸಿಗುತ್ತದೆ. ವಾಟ್ಸಾಪಿನಲ್ಲಿ ತಪ್ಪು ಒಮ್ಮೆ ಹೊರಟರೆ ಅದರ ಹಿಂದೆ ಸರಿ ಎಷ್ಟು ಓಡಿದರೂ ಹಿಡಿಯಲಾರದು.

ಅಂಗಡಿಕಾರರಿಗೆ ಇದು ಗೊತ್ತಿರುವ ಕಥೆಯೇ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದಾಗ ಯಾವ ಸರಕಿಗೆ ಎಷ್ಟು ಎಂದು ಗಂಜಿನಲ್ಲಿ ಒಬ್ಬರನ್ನೊಬ್ಬರು ಕೇಳಿಕೊಂಡು ಕಲಿತೆವು. 2025ರ ಜುಲೈ ನೆನಪಿಸಿಕೊಳ್ಳಿ. ಯುಪಿಐ ಜಮೆ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕೊಟ್ಟಿತು. ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳವರು ಕ್ಯೂಆರ್ ಚೀಟಿ ಕಿತ್ತು ‘ನಗದು ಮಾತ್ರ’ ಬೋರ್ಡು ಹಾಕಿದರು. ನಮ್ಮ ಕಡೆಯ ಗ್ರೂಪುಗಳಲ್ಲಿ ‘ಫೋನ್‌ಪೇ ಇಟ್ಟವರಿಗೆಲ್ಲ ಟ್ಯಾಕ್ಸ್’ ಎಂದು ಹರಿದಾಡಿತು. ನಿಯಮ ಏನಿತ್ತು? ಸರಕಿನ ವ್ಯಾಪಾರ ವರ್ಷಕ್ಕೆ 40 ಲಕ್ಷ ರೂಪಾಯಿ, ಸೇವೆಯಾದರೆ 20 ಲಕ್ಷ ದಾಟಿದರೆ ನೋಂದಣಿ ಬೇಕು. ತೆರಿಗೆಯೇ ಇಲ್ಲದ ಹಾಲು, ತರಕಾರಿಯಂಥವನ್ನು ಮಾತ್ರ ಮಾರುವವರಿಗೆ ಅದೂ ಬೇಡ. ಇದು ಎರಡು ಸಾಲಿನ ಮಾತು. ಕೊನೆಗೆ ಮುಖ್ಯಮಂತ್ರಿಗಳೇ ವ್ಯಾಪಾರಿಗಳ ಸಭೆ ಕರೆದು ಸಮಾಧಾನ ಹೇಳಬೇಕಾಯಿತು. ಇಷ್ಟರ ನಡುವೆ ಎರಡು ಸಾಲು ಸರಿಯಾಗಿ ಬರೆದಿಟ್ಟ ಒಂದು ಜಾಗ, ಎಲ್ಲರಿಗೂ ಗೊತ್ತಿರುವ ಜಾಗ, ನಮ್ಮ ಬಜಾರಿನಲ್ಲಿ ಇರಲಿಲ್ಲ.

ಅದು ರೊಕ್ಕದ ಮಾತಾಯಿತು. 2018ರ ಜುಲೈ 13ರ ಸಂಜೆ ಔರಾದ್ ಕಡೆಯ ಮುರ್ಕಿಯಲ್ಲಿ ನಡೆದದ್ದನ್ನು ನಮ್ಮ ಜಿಲ್ಲೆ ಮರೆಯಬಾರದು. ಹೈದರಾಬಾದ್ ಕಡೆಯಿಂದ ಕಾರಿನಲ್ಲಿ ಬಂದ ಗೆಳೆಯರು ದಾರಿಯಲ್ಲಿ ಮಕ್ಕಳಿಗೆ ಚಾಕಲೇಟು ಕೊಟ್ಟರು. ಮಕ್ಕಳ ಕಳ್ಳರು ಎಂಬ ಮಾತು ವಾಟ್ಸಾಪ್ ಹತ್ತಿ ಅವರ ಕಾರಿಗಿಂತ ಮುಂದೆ ಹೋಯಿತು. ಒಬ್ಬ ಯುವ ಎಂಜಿನಿಯರ್ ಜನರ ಏಟಿಗೆ ಸತ್ತ. ಬಿಡಿಸಲು ಹೋದ ಪೊಲೀಸರಿಗೂ ಗಾಯವಾಯಿತು. ಅಂಥ ಸಾವುಗಳು ದೇಶದಲ್ಲಿ ಸಾಲಾಗಿ ಆದದ್ದರಿಂದ ಅದೇ ತಿಂಗಳು ವಾಟ್ಸಾಪ್ ಕಂಪನಿ, ಭಾರತದಲ್ಲಿ ಒಂದು ಸಲಕ್ಕೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಎಂದು ಮಿತಿ ಘೋಷಿಸಿತು. ಆ ದಿನ ಆ ಗ್ರೂಪುಗಳಲ್ಲಿ ಒಬ್ಬನಾದರೂ “ಇದು ಖರೇನಾ? ನಿನಗ ಹ್ಯಾಂಗ ಗೊತ್ತು?” ಎಂದು ಕೇಳಿದ್ದರೆ? ಕೇಳುವ ರೂಢಿ ನಮಗಿಲ್ಲ. ಕೆಲಸದ ಗ್ರೂಪಿನಲ್ಲಿ ಸಾಹೇಬ್ರಿಗೆ ಕೇಳದೆ ಹೆಬ್ಬೆರಳು ಒತ್ತಿದ ಕೈಯೇ ಊರಿನ ಗ್ರೂಪಿನಲ್ಲೂ ಕೇಳದೆ ಮುಂದಕ್ಕೆ ಒತ್ತುತ್ತದೆ.

“ಫೋನಿನಾಗ ಕಲಿತೀವಿ ಅಂದ್ರ ಕಲಿಯೋದು ಅದೇನ್ರಿ?” ಎಂದು ಹಿರಿಯರು ಹೇಳಬಹುದು. ಅರ್ಧ ಖರೆ. ನಮ್ಮ ಬಿದ್ರಿ ಕೆಲಸವನ್ನೇ ನೋಡಿ. ಸತು, ತಾಮ್ರ ಕೂಡಿಸಿ ಎರಕ ಹೊಯ್ದು, ಬೆಳ್ಳಿಯ ಎಳೆ ಕೂರಿಸಿ, ಕಡೆಗೆ ಕೋಟೆಯ ಮಣ್ಣು ಹಾಕಿ ಕಪ್ಪು ಮಾಡಬೇಕು. ಯಾವ ಮಣ್ಣು ಆದೀತು ಎಂದು ನಾಲಿಗೆಯ ಮೇಲಿಟ್ಟು ನೋಡುವವರಿದ್ದಾರೆ. ಆ ರುಚಿ ಯಾವ ವೀಡಿಯೋದಲ್ಲಿ ಬರುತ್ತದೆ? 2023ರಲ್ಲಿ ಪದ್ಮಶ್ರೀ ಪಡೆದ ನಮ್ಮ ಶಾ ರಶೀದ್ ಅಹ್ಮದ್ ಖಾದ್ರಿ ಅವರು ಕಲಿತದ್ದು ಅಪ್ಪನ ಪಕ್ಕದಲ್ಲಿ ಕೂತು. ಉಸ್ತಾದ್ ಎದುರಿಗೆ ಶಾಗಿರ್ದ್ ಕೂರಲೇಬೇಕು, ಕೈ ಸುಟ್ಟುಕೊಳ್ಳಲೇಬೇಕು. ಆದರೆ ಎಷ್ಟು ಕೆಲಸಕ್ಕೆ ಇವತ್ತು ಉಸ್ತಾದ್ ಇದ್ದಾರೆ? ಹೊಸ ಪೋರ್ಟಲ್, ಹೊಸ ಮೆಷಿನ್ನು, ಹೊಸ ಆ್ಯಪು ಬಂದಾಗ ಎಲ್ಲರೂ ಅದೇ ದಿನ ಶಾಗಿರ್ದ್‌ಗಳು. ಆಗ ಪಕ್ಕದ ಊರಿನ ಶಾಗಿರ್ದೇ ಉಸ್ತಾದ್.

ಒಟ್ಟಿಗೆ ಕೂತು ಮಾತಾಡಿ ಕಲಿಯುವುದು ಈ ನೆಲಕ್ಕೆ ಹೊಸದೂ ಅಲ್ಲ. ಬಸವಕಲ್ಯಾಣ ನಮ್ಮ ಜಿಲ್ಲೆಯಲ್ಲೇ ಇದೆ. ಅಲ್ಲಿ ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯರಂಥ ಕಾಯಕದವರು ತಮ್ಮ ಕಸುಬಿನ ಭಾಷೆಯಲ್ಲೇ ದೊಡ್ಡವರನ್ನೂ ಪ್ರಶ್ನೆ ಮಾಡಿದರು. ಅದು ನಮಗೆ ಉಳಿದದ್ದು ಯಾರೋ ಓಲೆಗರಿಯಲ್ಲಿ ಬರೆದಿಟ್ಟದ್ದರಿಂದ. ಫ. ಗು. ಹಳಕಟ್ಟಿಯವರು ಮನೆಮನೆ ತಿರುಗಿ ಆ ಓಲೆಗಳನ್ನು ಕೂಡಿಸಿ 1923ರಲ್ಲಿ ‘ವಚನ ಶಾಸ್ತ್ರಸಾರ’ ಅಚ್ಚು ಹಾಕಿಸದಿದ್ದರೆ ನಮ್ಮ ಕೈಗೆ ಎಷ್ಟು ಬರುತ್ತಿತ್ತೋ.

ಇನ್ನು ಖರ್ಚಿನ ಮಾತು. ಇದನ್ನು ಯಾರೂ ಎತ್ತುವುದಿಲ್ಲ, ಅದಕ್ಕೇ ನಾನು ಎತ್ತುತ್ತೇನೆ. ತರಬೇತಿಯ ವೀಡಿಯೋ ಬರುವುದು ರಾತ್ರಿ ಒಂಬತ್ತಕ್ಕೆ. ನೆಟ್ ಪ್ಯಾಕ್ ಯಾರದು? ಬಹಳ ಕಡೆ ಕೆಲಸದವರದೇ. ಹೊತ್ತು ಯಾರದು? ಅದೂ ಅವರದೇ. ನನಗೆ ಪರಿಚಯದ ಒಬ್ಬ ಅಂಗನವಾಡಿ ಅಕ್ಕ ಹೇಳಿದಳು: “ರೊಟ್ಟಿ ಬಡೀತಾ ವೀಡಿಯೋ ನೋಡ್ತೀನಿ ತಮ್ಮಾ. ಕೈ ಹಿಟ್ಟು ಇರ್ತದ, ಮಗನಿಗಿ ಹೇಳ್ತೀನಿ, ಹೆಬ್ಬೆಟ್ಟು ಒತ್ತಿಬಿಡು ಅಂತ.” ಮಗ ಏಳನೇ ಇಯತ್ತೆ. ಇಲಾಖೆಯ ಲೆಕ್ಕದಲ್ಲಿ ಆಕೆಗೆ ತರಬೇತಿ ಆಗಿದೆ! ಪಗಾರ ಕೊಡುವ ಹೊತ್ತಿನಲ್ಲೇ ವಾರಕ್ಕೆ ಒಂದು ತಾಸು ಕಲಿಯಲು ಬಿಟ್ಟರೆ ಸರ್ಕಾರ ಮುಳುಗುತ್ತದೆಯೇ? ಅಂಗಡಿ ಧಣಿಗಳೂ ಇದನ್ನು ಕೇಳಿಸಿಕೊಳ್ಳಲಿ. ಕೆಲಸದ ಹುಡುಗ ಮೊಬೈಲ್ ಹಿಡಿದರೆ ಬೈಯುವ ಮುಂಚೆ ಏನು ನೋಡುತ್ತಿದ್ದಾನೆ ಎಂದು ಒಮ್ಮೆ ಬಗ್ಗಿ ನೋಡಬೇಕು.

ಕೋಟಿಗಟ್ಟಲೆ ಯೋಜನೆ ಬೇಕಿಲ್ಲ. ಸಾಹೇಬ್ರು ಆದೇಶದ ಗ್ರೂಪಿನಲ್ಲಿ ಇರಲಿ, ಕೇಳುವ ಗ್ರೂಪಿನಿಂದ ಹೊರಗೆ ಬರಲಿ. ಅಲ್ಲಿ ಬಂದ ಒಳ್ಳೆಯ ಉತ್ತರವನ್ನು ವಾರಕ್ಕೊಮ್ಮೆ ಒಬ್ಬರು ಆರಿಸಿ, ಹೇಳಿದವರ ಹೆಸರು ಸಮೇತ, ಎಲ್ಲರೂ ತೆರೆದು ತಿದ್ದಬಹುದಾದ ಒಂದು ಪುಟದಲ್ಲಿ ಕನ್ನಡದಲ್ಲಿ ಬರೆದಿಡಲಿ. ಕಂಪ್ಯೂಟರ್ ಬಾರದಿದ್ದರೆ ನೂರು ಪುಟದ ಒಂದು ನೋಟ್‌ಬುಕ್ ತಂದು ಆಫೀಸಿನ ಮೇಜಿನ ಮೇಲೆ ಕಟ್ಟಿಡಲಿ. ಡಿಟಿಪಿ ಹುಡುಗಿಯನ್ನೂ, ಜವಾನರನ್ನೂ ಸೇರಿಸಿಕೊಳ್ಳಲಿ. ಗಂಜಿನ ಸಂಘದವರು ತೆರಿಗೆಯ ವಿಷಯಕ್ಕೆ ಇದನ್ನು ನಾಳೆಯಿಂದಲೇ ಮಾಡಬಹುದು.

ಮನ್ನಳ್ಳಿ ಬಂತು. ಇಳಿಯುವಾಗ ಕಂಡಕ್ಟರ್ ಹುಡುಗನನ್ನು ಕೇಳಿದೆ, “ಫೋನಿನಾಗ ಮಾತಾಡಿದ್ರಲ್ಲ, ಆ ಕಾಕಾ ಯಾರು?”

“ನಮ್ಮ ಸೀನಿಯರ್ ಅಣ್ಣಾ. 2023ರ ಜೂನಿನಾಗ ಫ್ರೀ ಟಿಕೆಟ್ ಚಾಲೂ ಆದಾಗಿಂದ ಈ ಗಡಿ ಊರಿನ ಭಾನಗಡಿ ಎಲ್ಲಾ ಅವರಿಗೇ ಗೊತ್ತು. ಹಗಲು-ರಾತ್ರಿ ಎಲ್ರೂ ಅವರಿಗೇ ಫೋನ್ ಹಚ್ತಾರ.”

“ಅವರು ಹೇಳಿದ್ದು ಎಲ್ಲಾದ್ರೂ ಬರದು ಇಟ್ಟೀರೇನು?”

ಹುಡುಗ ಸೀಟಿ ಬಾಯಿಗೆ ಇಟ್ಟವನು ಮತ್ತೆ ತೆಗೆದ. “ಇಲ್ರಿ. ಕಾಕಾ ಬರೋ ಮೇ ತಿಂಗಳಾಗ ರಿಟೈರ್ ಆಗ್ಲಾಕತ್ತಾರ.”